ಡಚೆಸ್‌ಗೆ ಚಳಿಯಾಗಬಾರದು

ಲೀಡ್ಸ್‌ನ ಕ್ಲಿಫರ್ಡ್‌ಗೆ ತನ್ನ ಮನೆಯೆಲ್ಲ ಚಳಿಗೆ ಕೊರೆದರೂ ಚಿಂತೆಯಿಲ್ಲ. ಸಾಕಿದ ಪುಟ್ಟ ಹೆಬ್ಬಾವು ಡಚೆಸ್‌ಳ ಗಾಜಿನ ಪೆಟ್ಟಿಗೆ ಮಾತ್ರ ಅವಳು ಬೇಕಾದತ್ತ ಸರಿಯಲೆಂದು ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಣ್ಣಗೆ ಇರಲೇಬೇಕು. ಹೀಟರಿನ ಕರೆಂಟು ಉಳಿಯಲೆಂದು ಪೆಟ್ಟಿಗೆಯ ಹೊರಗೆ ಥರ್ಮಕೋಲ್ ಅಂಟಿಸಿದ್ದಾನೆ. ಥರ್ಮೋಸ್ಟಾಟ್ ಇದ್ದರೂ ಅದನ್ನು ನಂಬದೆ, ಟೀ ಕುಡಿಯುವ ಮೊದಲೊಮ್ಮೆ, ಕುಡಿದ ಮೇಲೊಮ್ಮೆ ಒಳಗೆ ಕೈಯಿಟ್ಟು ನೋಡುತ್ತಾನೆ. "ನಂಗೆ ಜ್ವರ ಬಂದಾಗ ಒಂದಿನ ಹೀಗೆ ಮುಟ್ಟಿ ನೋಡಿದ್ದುಂಟಾ?" ಎಂದು ಹೆಂಡತಿ ಮೇವಿಸ್ ಬಾಗಿಲಾಚೆಯಿಂದಲೇ ಚುಚ್ಚುತ್ತಾಳೆ. "ನೀನಾದ್ರೆ ಊರಿಗೆಲ್ಲ ಕೇಳೋ ಹಾಗೆ ಹೇಳ್ತೀಯ ಮಾರಾಯ್ತಿ. ಪಾಪ, ಇದಕ್ಕೆ ಬಾಯಿಲ್ಲ!" ಹಾವೆಂದರೆ ಮೈ ಜುಮ್ಮೆನ್ನುವ ಮೇವಿಸ್ ಆ ಕೋಣೆಗೆ ಕಾಲಿಟ್ಟವಳೇ ಅಲ್ಲ. ಮೊನ್ನೆ ಹಿಮ ಬಿದ್ದು ಕರೆಂಟು ಹೋದಾಗ ಕ್ಲಿಫರ್ಡ್ ಪೇಟೆಯಿಂದ ಓಡೋಡಿ ಬಂದರೆ ಪೆಟ್ಟಿಗೆ ಖಾಲಿ. ಅಡುಗೆಮನೆಯಲ್ಲಿ ಮೇವಿಸ್, ಬಾಯಿ ಕಟ್ಟಿದ ದಿಂಬಿನ ಚೀಲವನ್ನು ಸ್ವೆಟರಿನೊಳಗೆ ಅವುಚಿಕೊಂಡು ಕೂತಿದ್ದಳು. "ಗಲಾಟೆ ಮಾಡ್ಬೇಡ," ಎಂದಳು, ಚೀಲವನ್ನು ಮೆಲ್ಲಗೆ ಮುಟ್ಟಿ ನೋಡುತ್ತ, "ಈಗಷ್ಟೇ ಬೆಚ್ಚಗಾಗಿದಾಳೆ."