ಏಳನೇ ಫ್ಯಾನಿನ ಸಿಳ್ಳೆ

ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳಿಗೆ ನಮ್ಮ ಕಡೆ ಫ್ಯಾನು ಎಂದೇ ಹೆಸರು. ಅವುಗಳ ಬುಡದ ಕೋಣೆಯಲ್ಲಿ ವಾಕಿಟಾಕಿ ಹಿಡಿದು ಕೂರುವವಳು ಪುಷ್ಪಾವತಿ. ಮೇಲೆ ಹತ್ತಿ ರಿಪೇರಿ ಮಾಡುವವನು ಅವಳ ಗಂಡ ಕಳಕಪ್ಪ. ಗಂಡನ ಹೆಸರು ಹೇಳಬಾರದಲ್ಲ, ಅದಕ್ಕೆ ಅವನು ಹತ್ತಿದ ಫ್ಯಾನಿನ ನಂಬರು ಹಿಡಿದು ಕೂಗುತ್ತಾಳೆ. ಜೊತೆಯವರು ನಗುತ್ತಾರೆ, ಇವಳು ಬಿಡುವುದಿಲ್ಲ.

ಕಳಕಪ್ಪ ಕುರಿ ಕಾಯುತ್ತ ಬೆಳೆದವನು. ಗಾಳಿ ಮಾತನ್ನು ತಿನ್ನುತ್ತದೆ, ಸಿಳ್ಳೆಯನ್ನಲ್ಲ ಎಂಬುದು ಅವನ ಹಟ. ಮೇಲೆ ಮುಟ್ಟಿದ ಕೂಡಲೇ ವಾಕಿಟಾಕಿಯಲ್ಲಿ ಒಂದು ಉದ್ದನೆಯ ಸಿಳ್ಳೆ ಹಾಕುತ್ತಾನೆ. ಹೋದ ವರ್ಷ ಅವನು ಕಾಲು ಜಾರಿ ಬೆಲ್ಟಿಗೆ ಜೋತುಬಿದ್ದ ಮೇಲಂತೂ ಆ ಸಿಳ್ಳೆ ಕೇಳುವವರೆಗೆ ಪುಷ್ಪಾವತಿ ನೀರೂ ಕುಡಿಯುವುದಿಲ್ಲ.

ಆ ಸೋಮವಾರ ಹೊಸ ವಾಕಿಟಾಕಿ ಸೆಟ್ಟುಗಳು ಬಂದಿದ್ದವು. ಹಂಚಿದ ಉಮೇಶ ವಿವರಿಸಿದ್ದ: "ಇದು ದನೀನ ಸೆಕೆಂಡಿಗೆ ಸಾವಿರಾರು ಸಲ ಅಳದು ಅಂಕಿ ಮಾಡ್ತೈತಿ ಅಕ್ಕಾರ. ಮಾತು ಏರ್ತೈತಿ, ಇಳೀತೈತಿ. ಒಂದ ಸಮ ಗುಂಯ್ ಅನ್ನೋದನ್ನ ಗದ್ಲ ಅಂತ ತಿಳದು ತಗದ ಒಗೀತೈತಿ." ಗದ್ದಲ ತೆಗೆಯುವ ಆ ಗುಂಡಿಯನ್ನು ಪುಷ್ಪಾವತಿ ಖುಷಿಯಿಂದ ತಾನೇ ಒತ್ತಿಕೊಂಡಿದ್ದಳು.

ಕಳಕಪ್ಪ ಹತ್ತಿ ಅರ್ಧ ಗಂಟೆಯಾಯಿತು. ಸಿಳ್ಳೆ ಇಲ್ಲ.

"ಏಳನೇ ಫ್ಯಾನು, ಮುಟ್ಟಿದ್ರೇನ್ರಿ?"

ಸೆಟ್ಟಿನ ಹಸಿರು ದೀಪ ಹೊತ್ತಿತು. ಅಂದರೆ ಮೇಲೆ ಅವನು ಮಾತಾಡುವ ಗುಂಡಿ ಒತ್ತಿದ್ದಾನೆ. ಸದ್ದು ಮಾತ್ರ ಇಲ್ಲ. ಗುಂಡಿ ಒತ್ತುವಷ್ಟು ಜೀವವಿದೆ, ಮಾತಾಡುವಷ್ಟು ಇಲ್ಲವೇ?

"ನಿಮ್ಮ ಕಾಲಿಗೆ ಬೀಳ್ತೀನಿ, ಒಂದ ಮಾತಾಡ್ರಿ!"

ದೀಪ ಮತ್ತೆ ಹೊತ್ತಿತು, ಮೊದಲಿಗಿಂತ ಹೆಚ್ಚು ಹೊತ್ತು ಉರಿಯಿತು. ಸದ್ದಿಲ್ಲ. ಪುಷ್ಪಾವತಿಗೆ ಲಜ್ಜೆ, ಪದ್ಧತಿ ಒಂದೂ ನೆನಪಾಗಲಿಲ್ಲ.

"ಕಳಕಪ್ಪಾ!" ಎಂದು ಕೂಗಿಯೇಬಿಟ್ಟಳು.

ದೀಪ ಆರಿಯೇ ಇತ್ತು. ಆಮೇಲೆ ಹೊತ್ತಿ, ಉರಿದು, ಆರಿತು. ಅಷ್ಟು ಹೊತ್ತು ಉಸಿರು ಹಿಡಿದು ನೋಡುತ್ತಿದ್ದವಳಿಗೆ ಥಟ್ಟನೆ ಹೊಳೆಯಿತು: ಅದು ಅವನ ಸಿಳ್ಳೆಯಷ್ಟೇ ಉದ್ದ. ಸಿಳ್ಳೆಯೂ ಒಂದೇ ಸಮ! ಗದ್ದಲ ತೆಗೆಯುವ ಗುಂಡಿಯನ್ನು ಮತ್ತೆ ಒತ್ತಿ ಆರಿಸಿದಳು. ದೀಪ ಮತ್ತೆ ಹೊತ್ತಿದಾಗ ಗಾಳಿಯ ಗದ್ದಲ ಭೋರೆಂದು ನುಗ್ಗಿತು. ಅದರ ನಡುವೆ ಸಿಳ್ಳೆ ಕೇಳಿಸಿತು.

"ಮಾತಾಡ್ರಿ ಅಂದ್ರ ಸಿಳ್ಳಿ ಹೊಡೀತೀರಲ್ರಿ, ನಾ ಏನ್ ಕುರಿ ಏನ್ರಿ?" ಎಂದು ಬಿಕ್ಕಿಬಿಕ್ಕಿ ಅತ್ತಳು.

"ನಿನಗ ಕೇಳವಲ್ದಂತ ಇನ್ನೂ ಜೋರ ಹೊಡದೆ," ಎಂದ ಕಳಕಪ್ಪ ಏದುಸಿರು ಬಿಡುತ್ತ. "ಅದಿರ್ಲಿ, ನಿನಗೇನಾಗೇತಿ? ನನ್ನ ಹೆಸರ ಹಿಡದ ಕೂಗಿದಿ. ಅಂಜಿ, ಬೆಲ್ಟು ಹಾಕ್ಕೊಂಡು ಇಳ್ಯಾಕ ಹೊಂಟೀನಿ."