ನನ್ನ ಕ್ಲಬ್ಬಿಗೆ ಗಂಡ ಬಂದದ್ದು

ಬ್ಯಾಂಕಿನಲ್ಲಿ ನಮ್ಮ ಮ್ಯಾನೇಜರರ ಬೀಳ್ಕೊಡುಗೆಯ ದಿನ ಎರಡು ಮಾತು ಹೇಳಲು ಎದ್ದವಳು ‘ಎಲ್ಲರಿಗೂ ವಣಕ್ಕಂ’ ಎಂದವಳೇ ಹಾಗೇ ಕುಳಿತುಬಿಟ್ಟೆ. ಮುಂದಿನ ಮಾತು ನೆನಪಾಗಲೇ ಇಲ್ಲ. ಯಾರೂ ನಗಲಿಲ್ಲ, ಅದೇ ಹೆಚ್ಚು ನೋಯಿತು. ಆಮೇಲೆಯೇ ನಾನು ಊಟಿಯ ಭಾಷಣದ ಕ್ಲಬ್ಬು ಸೇರಿದ್ದು.

ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಕೋಣೆಯಲ್ಲಿ ಅದು ನಡೆಯುತ್ತಿತ್ತು. ವಕೀಲರು, ಹೋಟೆಲು ನಡೆಸುವವರು, ಕಾಲೇಜಿನ ಹುಡುಗಿಯರು ಬರುತ್ತಿದ್ದರು. ನಿವೃತ್ತ ಹೆಡ್‌ಮಿಸ್ ಒಬ್ಬರು ಅಧ್ಯಕ್ಷೆ. ತಮಿಳು, ಇಂಗ್ಲಿಷು ಎರಡೂ ನಡೆಯುತ್ತಿದ್ದವು. ಅರವಂಕಾಡಿನ ನಮ್ಮ ಮನೆಯಿಂದ ಗಂಡ ನನ್ನನ್ನು ಸ್ಕೂಟರಿನಲ್ಲಿ ಕರೆತಂದು ಬಿಟ್ಟು, ಮುಗಿಯುವ ತನಕ ಗೇಟಿನ ಬಳಿ ಮಫ್ಲರ್ ಸುತ್ತಿಕೊಂಡು ನಿಲ್ಲುತ್ತಿದ್ದ. ಅವನು ಅರವಂಕಾಡಿನ ಫ್ಯಾಕ್ಟರಿಯಲ್ಲಿ ಫಿಟ್ಟರ್. ಮಾತು ಅವನಿಗೆ ಆಗದು. ಸಾರಿಗೆ ಉಪ್ಪು ಕಡಿಮೆಯಾದರೆ ಬಾಯಿ ಬಿಡದೆ ಡಬ್ಬಿಯತ್ತ ನೋಡುವವನು.

ನಾನು ಮೆಲ್ಲಗೆ ಸುಧಾರಿಸುತ್ತಿದ್ದೆ. ಹೆಡ್‌ಮಿಸ್ ಒಮ್ಮೆ ‘ಪರವಾಗಿಲ್ಲಮ್ಮಾ’ ಎಂದಿದ್ದರು. ಅದನ್ನೇ ವಾರವಿಡೀ ಚಪ್ಪರಿಸಿದ್ದೆ.

ಒಂದು ಭಾನುವಾರ ಜೋರು ಮಳೆ. ಹೆಡ್‌ಮಿಸ್ ಕಿಟಕಿಯಿಂದ ಅವನನ್ನು ಕಂಡು ಒಳಗೆ ಕರೆದರು. ಹಿಂದಿನ ಬೆಂಚಿನಲ್ಲಿ ನೀರು ಸೋರಿಸುತ್ತ ಕುಳಿತ. ದಿಢೀರ್ ಭಾಷಣಕ್ಕೆ ವಿಷಯದ ಚೀಟಿ ಎತ್ತುವ ಹೊತ್ತಿಗೆ, “ತಂಬಿ, ನೀವೂ ಒಂದು ಎತ್ತಿ” ಎಂದರು. ಅವನ ಚೀಟಿಯಲ್ಲಿ ‘ಬಾಗಿಲು’ ಎಂದಿತ್ತು. ಪಾಪ, ಬೆವರುತ್ತಾನೆ ಎಂದುಕೊಂಡೆ.

ಅವನು ಎದ್ದು ಹೋಗಿ ನಿಂತ. ಒದ್ದೆ ಮಫ್ಲರ್ ಬಿಚ್ಚಿ ಮಡಚಿಟ್ಟ. ಆಮೇಲೆ ಶುರುಮಾಡಿದ. ಹೆಣ್ಣು ನೋಡಲು ನಮ್ಮ ಹಟ್ಟಿಯ ಮನೆಗೆ ಬಂದ ದಿನ, ಹಿರಿಯರೆಲ್ಲ ಒಳಗೆ ಹೋದರೂ ತಾನು ಬಾಗಿಲಲ್ಲೇ ನಿಂತನಂತೆ. ಒಳಗಿನಿಂದ ಹುಡುಗಿಯ ದನಿ ಕೇಳಿತಂತೆ: “ಗುರುತಿಲ್ಲದವನ ಮುಂದೆ ಕಾಪಿ ಹಿಡಿದು ನಾ ನಿಲ್ಲುದಿಲ್ಲೆ!” ಅವಳು ಅಣ್ಣನನ್ನು ಬೈದಳು, ಅವ್ವೆಯನ್ನು ಬೈದಳು, ಒಲೆಯನ್ನೂ ಬೈದಳು. ಅಂಗಳದ ನಾಯಿಗೆ ಹೆದರಿ ಹುಡುಗ ಒಳಗೆ ಬರುತ್ತಿಲ್ಲವೆಂದು ಎಲ್ಲರೂ ನಕ್ಕರಂತೆ. “ನಾನು ಹೆದರಿರಲಿಲ್ಲ. ಈ ಮನೆಯಲ್ಲಿ ಮಾತಿಗೆ ಬರವಿಲ್ಲ, ನಾನು ಸುಮ್ಮನಿದ್ದರೂ ಸಂಸಾರ ನಡೆಯುತ್ತದೆ ಎಂದು ಆ ಬಾಗಿಲಲ್ಲೇ ಒಪ್ಪಿಕೊಂಡೆ.”

ಕೋಣೆ ನಕ್ಕು ನಕ್ಕು ಸುಸ್ತಾಯಿತು. ಹೆಡ್‌ಮಿಸ್ ಕಣ್ಣೊರೆಸಿಕೊಂಡರು. ನಾನು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬಾಗಿಲು ನನ್ನದು, ಬೈಗುಳ ನನ್ನದು, ಕ್ಲಬ್ಬೂ ನನ್ನದು, ಚಪ್ಪಾಳೆ ಅವನಿಗೆ. ಅದಕ್ಕಿಂತ ಹೆಚ್ಚಾಗಿ, ಮದುವೆಯಾಗಿ ಇಷ್ಟು ವರ್ಷ ನನಗೆ ಹೇಳದೆ ಇದ್ದದ್ದನ್ನು ಆ ವಕೀಲರು, ಆ ಹುಡುಗಿಯರು ನನಗಿಂತ ಮೊದಲು ಕೇಳಿಬಿಟ್ಟಿದ್ದರು.

ಹೆಡ್‌ಮಿಸ್ ಅವನನ್ನೂ ಸದಸ್ಯನನ್ನಾಗಿ ಮಾಡಿದರು. ಮುಂದಿನ ವಾರಗಳಲ್ಲಿ ಅವನು ಮಾತಾಡಿದಂತೆಲ್ಲ ನಾನು ಹಿಂದೆ ಉಳಿಯುತ್ತ ಹೋದೆ. ಅವನಿಗೆ ತಯಾರಿಯೇ ಬೇಡ. ನಾನು ಕನ್ನಡಿಯ ಮುಂದೆ ಗಂಟಲು ಹರಿಯುವಂತೆ ಅಭ್ಯಾಸ ಮಾಡುವಾಗ ಅವನು ಪಕ್ಕದ ಕೋಣೆಯಲ್ಲಿ ಶೂಗೆ ಪಾಲಿಷ್ ಹಚ್ಚುತ್ತಿರುತ್ತಿದ್ದ. ಆ ಬ್ರಷ್ಷಿನ ಸದ್ದೂ ನನ್ನನ್ನು ಅಣಕಿಸುತ್ತಿತ್ತು. ಕಾಲೇಜಿನ ಹುಡುಗಿಯೊಬ್ಬಳು, “ಅಕ್ಕಾ, ಅಣ್ಣ ಮನೆಯಲ್ಲೂ ಹೀಗೇ ನಗಿಸುತ್ತಾರಾ?” ಎಂದು ಕೇಳಿದಳು. “ಹೂಂ” ಎಂದೆ.

ವರ್ಷದ ಸ್ಪರ್ಧೆ ಬಂತು. ಉಳಿತಾಯದ ಬಗ್ಗೆ ಭಾಷಣ ಬಾಯಿಪಾಠ ಮಾಡಿಕೊಂಡು ಹೋದೆ. ಅವನು ನನಗಿಂತ ಮೊದಲು ಮಾತಾಡಿದ. ಕೂಕಲ್ತೊರೈ ಬಳಿಯ ತಮ್ಮ ಹಟ್ಟಿಯಲ್ಲಿ, ಮಂಜಿನಲ್ಲಿ ದಾರಿ ತಪ್ಪಿದ ತಂದೆಯನ್ನು ಟೀ ಗಿಡಗಳ ನಡುವೆ ಕೂಗಿ ಹುಡುಕಿದ ಕಥೆ. ಅದನ್ನೂ ನಾನು ಕೇಳಿರಲಿಲ್ಲ.

ನನ್ನ ಸರದಿ ಬಂದಾಗ ಉಳಿತಾಯದ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಬೀಳ್ಕೊಡುಗೆಯ ದಿನದ ಹಾಗೆ ಮತ್ತೆ ಕುಳಿತುಬಿಡುತ್ತಿದ್ದೆ. ಆದರೆ ಈ ಸಲ ಸಿಟ್ಟೂ ಜೊತೆಗಿತ್ತು. ಅದೇ ಮಾತಿಗೆ ದಾರಿ ಮಾಡಿತು.

“ಈಗ ಮಾತಾಡಿದನಲ್ಲ, ಅವನು ನನ್ನ ಗಂಡ. ಮನೆಯಲ್ಲಿ ಅವನ ದನಿ ಕೇಳಬೇಕಾದರೆ ನಾನು ಕೆಮ್ಮಬೇಕು. ಅವನ ಅಪ್ಪ ಕಳೆದುಹೋಗಿದ್ದು ನನಗೆ ಇವತ್ತು ಗೊತ್ತಾಯಿತು, ನಿಮ್ಮ ಜೊತೆಗೆ, ಟಿಕೆಟ್ ತೆಗೆದುಕೊಂಡವಳ ಹಾಗೆ. ನಿಮ್ಮೆಲ್ಲರ ಮೇಲೆ ನನಗೆ ಹೊಟ್ಟೆಕಿಚ್ಚು.”

ಮೊದಲು ನಕ್ಕರು. ನಾನು ನಿಲ್ಲಿಸಲಿಲ್ಲ, ಹೇಳುತ್ತಲೇ ಹೋದೆ. ನಗು ತಾನಾಗಿ ನಿಂತಿತು. ಅವನು ತಲೆ ಬಗ್ಗಿಸಿ ಕುಳಿತಿದ್ದ.

ಮೊದಲ ಬಹುಮಾನದ ಕಪ್ಪು ಅವನಿಗೇ ಬಂತು. ನನಗೆ ಎರಡನೆಯದು.

ಮನೆಗೆ ಮರಳುವಾಗ ಕೇತಿಯ ಬಳಿ ಟೀ ಕುಡಿಯಲು ಸ್ಕೂಟರ್ ನಿಲ್ಲಿಸಿದ. ಗ್ಲಾಸು ನನ್ನ ಕೈಗಿತ್ತು, “ನೀ ಕೇಳಿದ್ದರೆ ಹೇಳ್ತಿದ್ದೆ” ಎಂದ.

“ಕ್ಲಬ್ಬಿನವರು ಕೇಳಿದರಾ?”

“ಇಲ್ಲೆ. ಅವರು ಸುಮ್ಮನೆ ಇದ್ದರು. ಮನೇಲಿ ನೀ ಸುಮ್ಮನೆ ಇರುದೇ ಇಲ್ಲೆ.”

ಆ ಮಾತಿಗೆ ಇನ್ನಷ್ಟು ಉರಿಯಿತು. ನಿಜವಾದ್ದರಿಂದ ಗ್ಲಾಸು ಖಾಲಿ ಮಾಡಿ ಸ್ಕೂಟರ್ ಹತ್ತಿದೆ.

ಈಗ ನಾನು ಬ್ಯಾಂಕಿನ ಪರವಾಗಿ ಹಟ್ಟಿಗಳ ಹೆಂಗಸರ ಸಭೆಗಳಲ್ಲಿ ಬರೆದುಕೊಂಡ ಚೀಟಿಯಿಲ್ಲದೆ ಮಾತಾಡುತ್ತೇನೆ. ಅವನನ್ನು ಭಾಷಣಕ್ಕೆ ಕೂನೂರಿಗೂ ಕೋತಗಿರಿಗೂ ಕರೆಯುತ್ತಾರೆ. ಹೊಟ್ಟೆಕಿಚ್ಚು ಹೋಯಿತೆಂದರೆ ಸುಳ್ಳು. ಮುಂದಿನ ಸಾಲಿನಲ್ಲಿ ಯಾರಾದರೂ ಕೆನ್ನೆಗೆ ಕೈಕೊಟ್ಟು ಅವನನ್ನೇ ನೋಡುತ್ತ ಕುಳಿತರೆ ಇಂದಿಗೂ ಚುರ್ ಎನ್ನುತ್ತದೆ.

ಮೊನ್ನೆ ಬೆಳಿಗ್ಗೆ ನಾನು ಬೀನ್ಸ್ ಹೆಚ್ಚುತ್ತಿದ್ದಾಗ ಬಂದು ಎದುರಿಗೆ ಕುಳಿತ. ಕೂನೂರಿನಲ್ಲಿ ಮಾತಾಡಬೇಕಾದದ್ದನ್ನು ಮೊದಲಿಂದ ಕೊನೆಯವರೆಗೆ ನನಗೆ ಹೇಳಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಹಾಗಿರುವುದು ಎಷ್ಟು ಕಷ್ಟವೆಂದು ನನಗೇ ಗೊತ್ತು.

“ಹೇಂಗಿದೆ?” ಎಂದ.

“ಉದ್ದ ಆಯಿತು” ಎಂದೆ. ಚೆನ್ನಾಗಿತ್ತು. ಅದನ್ನು ಕೂನೂರಿನವರು ಹೇಳಲಿ.