ಟೈಲರ್ ಚಿಕ್ಕಮಾದಯ್ಯನ ರಕ್ತನಿಧಿ

ನಾನು ಪಿರಿಯಾಪಟ್ಟಣ–ಮೈಸೂರು ಬಸ್ಸಿನ ಕಂಡಕ್ಟರ್. ದಿನಗೂಲಿ. ನಾನು ವಿಶಲ್ ಊದದಿದ್ದರೆ ನಾಲ್ಕು ತಾಲ್ಲೂಕು ಅಲ್ಲಾಡುವುದಿಲ್ಲ ಎಂದು ನಂಬಿದ್ದೆ, ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ. ಹಾಗಾಗಿ ಹುಣಸೂರು ಬಸ್ ಸ್ಟ್ಯಾಂಡಿನ ಟೈಲರ್ ಚಿಕ್ಕಮಾದಯ್ಯ, 'ನಮ್ ರಕ್ತನಿಧಿ ಸಮಿತಿಗೆ ನೀನೇ ಸೆಕ್ರೆಟ್ರಿ ಆಗ್ಬುಡಪ್ಪ' ಎಂದಾಗ ಕಾರಣ ಕೇಳದೆ ಒಪ್ಪಿಕೊಂಡೆ. ಓಡಾಟದ ಖರ್ಚಿಲ್ಲದ ಪ್ರಾಣಿ ನಾನೊಬ್ಬನೇ ಎಂಬುದು ಆಮೇಲೆ ತಿಳಿಯಿತು.

ಚಿಕ್ಕಮಾದಯ್ಯ ಒಂದೇ ಕಾಲಲ್ಲಿ ಮಿಷನ್ ತುಳಿಯುತ್ತಿದ್ದ. ಇನ್ನೊಂದರ ಮಂಡಿ ಊದಿ ಊದಿ ಮರದ ಬೊಡ್ಡೆಯಾಗಿತ್ತು. ಅವನ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ.

'ಸೂಜಿ ಚುಚ್ಕಂಡ್ರೆ ಸತ್ತೋಯ್ತೀಯೇನ್ಲಾ?' ಎಂದು ಗಿರಾಕಿಗಳು ಕೆಣಕುವರು.

'ಸೂಜಿಗೇನೂ ಆಗಕ್ಕಿಲ್ಲ ಕಣಣ್ಣ. ಎಡವಿದ್ರೆ ಒಳಗೊಳಗೇ ಸೋರ್ತದೆ,' ಎಂದು ಅವನು ಗುಂಡಿ ಹೊಲಿಯುವನು.

ಅವನ ಸೋದರಮಾವಂದಿರು ಹೀಗೇ ಒಬ್ಬೊಬ್ಬರಾಗಿ ಹೋಗಿದ್ದರು. ಈಗ ತಂಗಿ ಶಿವರುದ್ರಮ್ಮನ ಕೂಸು ಅಂಬೆಗಾಲಿಡಲು ಹೋದರೆ ಮೈಯೆಲ್ಲ ನೀಲಿಗಟ್ಟುತ್ತಿತ್ತು. ಹೆಪ್ಪುಗಟ್ಟಿಸುವ ಗುಣವಿರುವ ರಕ್ತದ ತಿಳಿಯನ್ನು ಕಾದಿಡುವ ಒಂದು ಐಸ್ ಪೆಟ್ಟಿಗೆ, ಅದನ್ನು ಏರಿಸಬಲ್ಲ ಒಬ್ಬ ನರ್ಸು ಹುಣಸೂರಲ್ಲಿದ್ದರೆ ಎಚ್.ಡಿ. ಕೋಟೆ, ಕೆ.ಆರ್. ನಗರದ ಇಂಥವರೂ ಬದುಕುತ್ತಾರೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಕೂಸಿನ ಹಾಲುಹಲ್ಲು ಬೀಳುವ ಮುಂಚೆ ಆ ಪೆಟ್ಟಿಗೆ ಬರಬೇಕು. ಚಿಕ್ಕಮಾದಯ್ಯನಿಗಿದ್ದದ್ದು ಇದೊಂದೇ ಹಠ.

ಸಮಿತಿಯ ಅಧ್ಯಕ್ಷರು ಕಂಪಲಾಪುರದ ಹೊಗೆಸೊಪ್ಪಿನ ಮಹದೇವಪ್ಪನವರು. ಅವರು ದುಡ್ಡು ಕೊಟ್ಟರೆ ಮಿಕ್ಕವರು ಕೊಡುತ್ತಾರೆ. ಅವರು ಕೊಡಲಿಲ್ಲ.

'ಹಲ್ಲು ಕಿತ್ರೆ ಮನ್ಸ ಸಾಯ್ತಾನೆ ಅಂದ್ರೆ ಯಾರ್ ನಂಬ್ತಾರಪ್ಪ? ನೋಡಕ್ಕೆ ಗುಂಡುಕಲ್ಲಿನಂಗಿದ್ದೀಯ.'

'ಕಣ್ಣಾರೆ ನೋಡಿದ್ರೆ ನಂಬ್ತೀರಾ ಬುದ್ಧಿ?'

'ನೋಡಾನ.'

ಚಿಕ್ಕಮಾದಯ್ಯನದೊಂದು ದವಡೆಹಲ್ಲು ಅಲ್ಲಾಡುತ್ತಿತ್ತು. ಸಮಿತಿಯನ್ನೆಲ್ಲ ಅಂಗಡಿಗೆ ಕರೆದು, ಕಾಫಿ ತರಿಸಿ, ಹಲ್ಲಿಗೆ ಕಾಜದ ದಾರ ಬಿಗಿದು ಎಳೆದುಕೊಂಡ. ನಾನು ಬೇಡವೆಂದೆ, ಯಾರಿಗೂ ಕೇಳಿಸದಂತೆ ಹೊರಗೆ ಬಸ್ಸಿನ ಹಾರನ್ ಬಡಿಯುವ ಗಳಿಗೆಯನ್ನೇ ಆಯ್ದುಕೊಂಡು.

ಕಾಫಿ ಮುಗಿಯುವಷ್ಟರಲ್ಲಿ ರಕ್ತ ನಿಂತಂತಾಯಿತು. 'ನಿಂತೋಯ್ತಲ್ಲಪ್ಪ,' ಎಂದು ಮಹದೇವಪ್ಪನವರು ಚಪ್ಪಲಿ ಮೆಟ್ಟಿದರು.

'ಕುಂತ್ಕಳಿ ಬುದ್ಧಿ, ಈಗ ಸುರುವಾಯ್ತದೆ,' ಎಂದ ಚಿಕ್ಕಮಾದಯ್ಯ, ಮದುವೆಮನೆಯಲ್ಲಿ ಉಪಚಾರ ಮಾಡುವಂತೆ.

ಶುರುವಾಯಿತು. ಹೊಲಿಯಲು ಬಂದಿದ್ದ ಬಿಳಿ ಬಟ್ಟೆಯೆಲ್ಲ ಒಂದೊಂದಾಗಿ ಅವನ ಬಾಯಿಗೆ ಹೋಯಿತು. ಸಂಜೆಯ ಹೊತ್ತಿಗೆ ಮಹದೇವಪ್ಪನವರು ಮುಖ ಆಚೆ ತಿರುಗಿಸಿ, 'ಸಾಕು ಕಣಪ್ಪ, ನಂಬಿದ್ವಿ, ನಿಲ್ಸು,' ಎಂದರು.

ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ. ಹಣ ಅಲ್ಲೇ ಮಂಜೂರಾಯಿತು. ಕೇಳಿ ತಲೆಯಾಡಿಸಿದ. ನಮ್ಮ ಬಸ್ಸಿನಲ್ಲೇ ಮೈಸೂರಿಗೆ ಸಾಗಿಸಿದೆವು. ಹೊಂದುವ ರಕ್ತ ಹುಡುಕುವಷ್ಟರಲ್ಲಿ ಸತ್ತ.

ಸಮಿತಿ ಮತ್ತೆ ಸೇರಿತು. ನಮ್ಮ ಕಡೆ ದಾನ ಕೊಟ್ಟವರ ಹೆಸರು ಕಲ್ಲಿನಲ್ಲಿರಬೇಕು; ದೇವಸ್ಥಾನದ ಮೆಟ್ಟಿಲಿನಿಂದ ದನ ನೀರು ಕುಡಿಯುವ ತೊಟ್ಟಿಯವರೆಗೆ ಹಾಗೇ ನಡೆದುಬಂದಿದೆ. ಕೆ.ಆರ್. ನಗರದ ಅಕ್ಕಿ ಗಿರಣಿಯ ಪುಟ್ಟಮಲ್ಲಪ್ಪನವರು, 'ಐಸ್ ಪೆಟ್ಟಿಗೆ ಮ್ಯಾಲೆ ಹೆಸ್ರು ಕೆತ್ತಕ್ಕಾಯ್ತದೇನ್ರೀ?' ಎಂದು ಕೇಳಿದರು. ಆಗುವುದಿಲ್ಲವೆಂದು ನಾನು ಸಮಿತಿಯ ಪುಸ್ತಕದಲ್ಲಿ ಬರೆದುಕೊಂಡೆ.

ಚಿಕ್ಕಮಾದಯ್ಯನ ನೆನಪಿಗೆಂದು ಆ ದುಡ್ಡಿನಲ್ಲಿ ಬಸ್ ತಂಗುದಾಣ ಕಟ್ಟಿಸಿದರು. ಕಲ್ಲಿನಲ್ಲಿ ಮೊದಲು ದಾನಿಗಳ ಹೆಸರುಗಳು, ಆಮೇಲೆ ಅವನದು, ನಾಯಿ ಕಾಲೆತ್ತುವ ಎತ್ತರದಲ್ಲಿ 'ಕಾರ್ಯದರ್ಶಿ' ಎಂದು ನನ್ನದು. ಊರಿಗೆ ಹೋದಾಗ ಅಮ್ಮನಿಗೆ ಹೇಳಿಕೊಂಡು ಬಂದೆ.

ಉದ್ಘಾಟನೆಯ ದಿನ ಶಿವರುದ್ರಮ್ಮ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಅದರ ಮಂಡಿ ಊದಿತ್ತು.

'ಪೆಟ್ಟಿಗೆ ಎಲ್ಲಿ ಮಡಗ್ತೀರಿ ಬುದ್ಧಿ?'

ಮಹದೇವಪ್ಪನವರು ಕೊರಳಿನ ಹಾರ ತೆಗೆಯುತ್ತಾ, 'ಮೈಸೂರು ಬಸ್ಸು ಇಲ್ಲೇ ನಿಲ್ತದಲ್ಲವ್ವ. ನೆರಳದೆ, ಕುಂತ್ಕೊ,' ಎಂದರು.

ಕುಳಿತಳು. ಬಸ್ಸು ಬರಲಿಲ್ಲ. ನಮ್ಮದೇ ಬಸ್ಸು, ಮಹದೇವಪ್ಪನವರ ನೆಂಟರನ್ನು ಉದ್ಘಾಟನೆಯ ಊಟಕ್ಕೆ ಕರೆತರಲು ಕಂಪಲಾಪುರಕ್ಕೆ ಹೋಗಿತ್ತು.